ಕುರ್ಚಿಯಿಂದ ಶುರುವಾಗುವ ಕಾಯಿಲೆ

(ಮಧುಮೇಹಕ್ಕೆ ಆಯುರ್ವೇದದ ಆಹಾರ, ಗಿಡಮೂಲಿಕೆ ಮತ್ತು ದಿನಚರಿ ಕುರಿತು ಆಯುರ್ವೇದ ವೈದ್ಯರೊಬ್ಬರು ಮಾಡಿದ ಉಪನ್ಯಾಸದ ಬರಹ ರೂಪ)

ಮುಂದಿನ ಎರಡು ಸಾಲಿನಲ್ಲಿ ಕೂತವರಿಗೆ ತಲಾ ಒಂದು ಎಲೆ ಕೊಟ್ಟಿದ್ದೇವೆ. ಅದು ಮಧುನಾಶಿನಿ. ಕೆಲವು ಕಡೆ ಸಣ್ಣಗೆರಸೆ ಅಂತಾರೆ. ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿಯಿರಿ. ರಸ ನಾಲಿಗೆಯ ಮೇಲೆಲ್ಲ ಆಡಲಿ. ಕಹಿ ಇದೆ, ಒಂದು ನಿಮಿಷ ತಡೆದುಕೊಳ್ಳಿ. ಆಮೇಲೆ ಬಾಯಿ ಮುಕ್ಕಳಿಸಿ, ತಟ್ಟೆಯಲ್ಲಿರುವ ಸಕ್ಕರೆಯನ್ನು ಒಂದು ಚಿಟಿಕೆ ಬಾಯಿಗೆ ಹಾಕಿಕೊಳ್ಳಿ.

ಏನಾಯಿತು? ಮರಳು ತಿಂದ ಹಾಗಿದೆ, ಅಲ್ವಾ? ಹಿಂದಿನ ಸಾಲಿನವರು ನಗಬೇಡಿ, ಅವರ ಮುಖ ನೋಡಿ. ಎಲೆಯಲ್ಲಿರುವ ಜಿಮ್ನೆಮಿಕ್ ಆಮ್ಲ ಎಂಬ ಅಂಶ ನಾಲಿಗೆಯಲ್ಲಿ ಸಿಹಿ ಗುರುತಿಸುವ ಜಾಗವನ್ನು ಸ್ವಲ್ಪ ಹೊತ್ತು ಮುಚ್ಚಿಬಿಡುತ್ತದೆ. ಅರ್ಧ ಗಂಟೆ, ಕೆಲವರಿಗೆ ಇನ್ನೂ ಸ್ವಲ್ಪ ಜಾಸ್ತಿ. ಆಮೇಲೆ ರುಚಿ ತಾನಾಗಿ ವಾಪಸ್ ಬರುತ್ತದೆ, ಹೆದರಬೇಡಿ.

ಈ ಪ್ರಯೋಗ ನೋಡಿದವರು ಕೂಡಲೇ ಒಂದು ಮಾತು ಹೇಳುತ್ತಾರೆ. "ನೋಡಿ, ಎಲೆ ಸಕ್ಕರೆಯನ್ನೇ ಕೊಂದುಬಿಟ್ಟಿತು!" ಕೊಂದಿಲ್ಲ. ನೀವು ತಿಂದ ಸಕ್ಕರೆ ಈಗ ಹೊಟ್ಟೆಗೆ ಹೋಗಿದೆ, ಇನ್ನು ಸ್ವಲ್ಪ ಹೊತ್ತಿಗೆ ರಕ್ತಕ್ಕೂ ಸೇರುತ್ತದೆ. ನಾಲಿಗೆಗೆ ಗೊತ್ತಾಗಲಿಲ್ಲ, ಅಷ್ಟೆ. ಮಧುನಾಶಿನಿಯಿಂದ ರಕ್ತದ ಸಕ್ಕರೆ ಸ್ವಲ್ಪ ಇಳಿಯುತ್ತದೆ ಅಂತ ತೋರಿಸಿದ ಸಣ್ಣ ಸಣ್ಣ ಅಧ್ಯಯನಗಳಿವೆ. ನಾನೂ ಕೊಡುತ್ತೇನೆ. ಆದರೆ ಅದು ಸಹಾಯಕ್ಕೆ ಬಂದ ಆಳು, ಮನೆಯ ಯಜಮಾನ ಅಲ್ಲ.

ನನ್ನ ಹತ್ತಿರ ಬರುವವರಲ್ಲಿ ಅರ್ಧ ಜನ ಒಂದು ಕೈಚೀಲ ಹಿಡಿದುಕೊಂಡೇ ಬರುತ್ತಾರೆ. ಮೇಜಿನ ಮೇಲೆ ಸುರಿಯುತ್ತಾರೆ. ನೇರಳೆ ಬೀಜದ ಪುಡಿ, ಹಾಗಲಕಾಯಿ ರಸದ ಬಾಟಲಿ, ಹೊನ್ನೆ ಮರದ ಲೋಟ, ಪಕ್ಕದ ಮನೆಯವರು ಕೊಟ್ಟ ಇನ್ಸುಲಿನ್ ಗಿಡದ ಎಲೆ, ಹೆಸರೇ ಇಲ್ಲದ ಒಂದು ಕಪ್ಪು ಮಾತ್ರೆ. "ಇದರಲ್ಲಿ ಯಾವುದು ತಗೊಳ್ಳಲಿ ಡಾಕ್ಟ್ರೇ?" ನಾನು ತಿರುಗಿಸಿ ಕೇಳುತ್ತೇನೆ: ದಿನಕ್ಕೆ ಎಷ್ಟು ಗಂಟೆ ಕೂತಿರುತ್ತೀರಿ? ಅವರಿಗೆ ಸಿಟ್ಟು ಬರುತ್ತದೆ. ಸೊಪ್ಪು ಕೇಳಲು ಬಂದವರಿಗೆ ಕುರ್ಚಿ ವಿಚಾರ ಯಾಕೆ ಅಂತ.

ಆದರೆ ಇದು ನನ್ನ ಪ್ರಶ್ನೆ ಅಲ್ಲ, ಆಯುರ್ವೇದದ ಹಳೆಯ ಗ್ರಂಥಕಾರ ಚರಕನದು. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಆರನೇ ಅಧ್ಯಾಯ ಪ್ರಮೇಹದ್ದು, ಅಂದರೆ ಮಧುಮೇಹವೂ ಸೇರಿದ ಮೂತ್ರದ ತೊಂದರೆಗಳದ್ದು. ಕಾಯಿಲೆ ಯಾಕೆ ಬರುತ್ತದೆ ಅಂತ ಹೇಳುವ ಶ್ಲೋಕ ಶುರುವಾಗುವುದೇ ಹೀಗೆ: ಆಸ್ಯಾಸುಖಂ, ಸ್ವಪ್ನಸುಖಂ. ಕೂರುವ ಸುಖ, ಮಲಗುವ ಸುಖ. ಆಮೇಲೆ ಮೊಸರು, ಊರಿನ ಮತ್ತು ನೀರಿನ ಪ್ರಾಣಿಗಳ ಮಾಂಸ, ಹಾಲು, ಹೊಸ ಧಾನ್ಯ, ಬೆಲ್ಲದಲ್ಲಿ ಮಾಡಿದ್ದು ಬರುತ್ತವೆ. ಊಟದ ವಿಷಯ ಬರುವ ಮೊದಲೇ ಕೂರುವ ವಿಷಯ ಬಂದಿದೆ ನೋಡಿ. ಆಗ ಸೋಫಾ ಇರಲಿಲ್ಲ, ಟಿವಿ ಇರಲಿಲ್ಲ. ಆದರೂ ಆತನಿಗೆ ಕೂರುವವರ ಕಾಯಿಲೆ ಕಂಡಿತ್ತು.

2023ರಲ್ಲಿ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ದೇಶದಾದ್ಯಂತ ಮಾಡಿದ ಸಮೀಕ್ಷೆಯ ಲೆಕ್ಕ ಪ್ರಕಟವಾಯಿತು. ನಮ್ಮ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹ. ಇನ್ನೂ 13.6 ಕೋಟಿ ಜನ ಅದರ ಹೊಸಿಲಲ್ಲಿ ನಿಂತಿದ್ದಾರೆ. ನೂರು ಜನ ವಯಸ್ಕರಲ್ಲಿ ಹನ್ನೊಂದು ಜನ ಅಂದುಕೊಳ್ಳಿ. ಈ ಸಭಾಂಗಣವನ್ನು ಒಮ್ಮೆ ತಿರುಗಿ ನೋಡಿ. ನನ್ನ ಅಂದಾಜಿನಲ್ಲಿ ಇಲ್ಲಿ ಇನ್ನೂ ಜಾಸ್ತಿ ಇದ್ದೀರಿ, ಇಲ್ಲದಿದ್ದರೆ ಭಾನುವಾರ ಬೆಳಿಗ್ಗೆ ಈ ವಿಷಯಕ್ಕೆ ಯಾರು ಬರುತ್ತಾರೆ!

ಒಂದು ಮಾತು ಮೊದಲೇ ಸ್ಪಷ್ಟ ಮಾಡುತ್ತೇನೆ. ಹಳೆಯ ಗ್ರಂಥಗಳ ಪ್ರಮೇಹ ಮತ್ತು ಇವತ್ತಿನ ಡಯಾಬಿಟಿಸ್ ಎರಡೂ ಒಂದೇ ಅಲ್ಲ. ಪ್ರಮೇಹ ಅಂದರೆ ಮೂತ್ರ ಜಾಸ್ತಿ ಹೋಗುವ, ಕೆಡುವ ಇಪ್ಪತ್ತು ಬಗೆಯ ತೊಂದರೆಗಳ ಗುಂಪು. ಕಫದಿಂದ ಹತ್ತು, ಪಿತ್ತದಿಂದ ಆರು, ವಾತದಿಂದ ನಾಲ್ಕು. ಆ ಕೊನೆಯ ನಾಲ್ಕರಲ್ಲಿ ಒಂದು ಮಧುಮೇಹ. ರೋಗಿಯ ಮೂತ್ರಕ್ಕೆ ಇರುವೆ ಮುತ್ತುವುದನ್ನು ಅವರು ಗಮನಿಸಿದ್ದರು. ಅವರ ಹತ್ತಿರ ಗ್ಲುಕೋಮೀಟರ್ ಇರಲಿಲ್ಲ, ಇರುವೆ ಇತ್ತು. ನಮ್ಮ ಹತ್ತಿರ ಮೀಟರ್ ಇದೆ. ಹಾಗಿದ್ದ ಮೇಲೆ ಮೀಟರನ್ನೇ ನಂಬೋಣ.

ಆಯುರ್ವೇದದ ಇನ್ನೊಬ್ಬ ಹಳೆಯ ಗ್ರಂಥಕಾರ ಸುಶ್ರುತ ಬೇರೆ ರೀತಿ ಭಾಗ ಮಾಡುತ್ತಾನೆ. ಹುಟ್ಟಿನಿಂದ ಬಂದದ್ದು ಒಂದು, ತಪ್ಪು ಆಹಾರ ವಿಹಾರದಿಂದ ಬಂದದ್ದು ಇನ್ನೊಂದು. ಮೊದಲನೆಯವನು ಬಡಕಲು, ಎರಡನೆಯವನು ದಪ್ಪ. ಇವತ್ತಿನ ಟೈಪ್ 1 (ಸಕ್ಕರೆ ಇಳಿಸುವ ಇನ್ಸುಲಿನ್ ಎಂಬ ರಸ ಮೈಯಲ್ಲಿ ತಯಾರಾಗುವುದೇ ನಿಂತದ್ದು), ಟೈಪ್ 2 (ಇರುವ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದ್ದು) ಇವಕ್ಕೆ ಇದು ಸರಿಯಾಗಿ ಹೊಂದುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ಬಡಕಲು ರೋಗಿ ಬೇರೆ, ದಪ್ಪ ರೋಗಿ ಬೇರೆ ಅನ್ನುವ ಕಣ್ಣು ದೊಡ್ಡದು. ಚರಕನೂ ಅದನ್ನೇ ಹೇಳುತ್ತಾನೆ: ಬಡಕಲು ರೋಗಿಗೆ ಮೈ ತುಂಬಿಸಬೇಕು, ದಪ್ಪಗೆ ಗಟ್ಟಿಮುಟ್ಟಾಗಿರುವವನಿಗೆ ಇಳಿಸಬೇಕು. ನಮ್ಮಲ್ಲಿ ಎಲ್ಲರಿಗೂ ಒಂದೇ ಪುಡಿ.

ಒಂದು ಘಟನೆ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಒಬ್ಬ ಹುಡುಗನನ್ನು ಕರೆದುಕೊಂಡು ಬಂದರು. ಹನ್ನೆರಡೋ ಹದಿಮೂರೋ ವಯಸ್ಸು. ಟೈಪ್ 1. ಯಾರೋ ಒಬ್ಬರು "ನಾಟಿ ಔಷಧಿ ಕೊಡುತ್ತೇವೆ, ಸೂಜಿ ನಿಲ್ಲಿಸಿ" ಅಂದಿದ್ದಾರೆ. ಪಾಪ, ಮಗುವಿಗೆ ದಿನಾ ಚುಚ್ಚುವುದನ್ನು ನೋಡಲಾಗದ ಅಪ್ಪ ಅಮ್ಮ ನಿಲ್ಲಿಸಿದ್ದಾರೆ. ಮೂರನೇ ದಿನಕ್ಕೆ ವಾಂತಿ, ಏದುಸಿರು, ಬಾಯಲ್ಲಿ ಕೊಳೆತ ಹಣ್ಣಿನ ವಾಸನೆ. ನಾನು ನಾಡಿ ಕೂಡ ಹಿಡಿಯಲಿಲ್ಲ. ನನ್ನ ಕಾರಿನಲ್ಲೇ ಆಸ್ಪತ್ರೆಗೆ ಓಡಿಸಿದೆ. ಹುಡುಗ ಬದುಕಿದ. ಅವನಿಗೆ ಬೇಕಾಗಿದ್ದದ್ದು ಇನ್ಸುಲಿನ್. 1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಅದನ್ನು ಕಂಡುಹಿಡಿದರು, 1922ರ ಜನವರಿಯಲ್ಲಿ ಮೊದಲ ಸಲ ಹದಿನಾಲ್ಕು ವರ್ಷದ ಒಬ್ಬ ಹುಡುಗನಿಗೆ ಕೊಟ್ಟರು. ಅದಕ್ಕೆ ಮೊದಲು ಇಂಥ ಮಕ್ಕಳು ಹೆಚ್ಚು ದಿನ ಉಳಿಯುತ್ತಿರಲಿಲ್ಲ. ಟೈಪ್ 1ಕ್ಕೆ ಇನ್ಸುಲಿನ್ ಬದಲು ಕೊಡುವ ಎಲೆ, ಬೇರು, ಭಸ್ಮ ಯಾವುದೂ ಇಲ್ಲ. ಆಯುರ್ವೇದದವನಾಗಿಯೇ ಈ ಮಾತು ಹೇಳುತ್ತಿದ್ದೇನೆ.

ಇನ್ನು ಮುಂದೆ ನಾನು ಹೇಳುವುದೆಲ್ಲ ಟೈಪ್ 2 ಬಗ್ಗೆ.

ದಪ್ಪ ರೋಗಿಗೆ ಸುಶ್ರುತ ಕೊಡುವ ಚಿಕಿತ್ಸೆ ಕೇಳಿದರೆ ನಗು ಬರುತ್ತದೆ. ದುಡ್ಡಿಲ್ಲದ ರೋಗಿ ಆದರೆ ಛತ್ರಿ, ಚಪ್ಪಲಿ ಇಲ್ಲದೆ, ಭಿಕ್ಷೆ ಎತ್ತಿ ಉಣ್ಣುತ್ತಾ, ಒಂದು ಊರಲ್ಲಿ ಒಂದೇ ರಾತ್ರಿ ತಂಗುತ್ತಾ, ನೂರು ಯೋಜನ ನಡೆಯಬೇಕಂತೆ. ಇಲ್ಲದಿದ್ದರೆ ಹಸುಗಳ ಜೊತೆ ಅಲೆಯಬೇಕು. ಅದೂ ಬೇಡವೆಂದರೆ ಬಾವಿ ತೋಡಬೇಕು! ಯೋಜನದ ಅಳತೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಕಡಿಮೆ ಹಿಡಿದು ಎಂಟು ಕಿಲೋಮೀಟರ್ ಅಂದರೂ ಎಂಟುನೂರು ಆಯಿತು. ಬೀದರಿನಿಂದ ಹೊರಟರೆ ಬೆಂಗಳೂರು ದಾಟಿ ಹೋಗಬೇಕು.

ಈ ಬಾವಿ ತೋಡುವ ಮಾತು ನನಗೆ ಬಹಳ ಇಷ್ಟ. ತಿಂದ ಸಕ್ಕರೆಯನ್ನು ಇಟ್ಟುಕೊಳ್ಳುವ ದೊಡ್ಡ ಕಣಜ ನಮ್ಮ ಮೈಯ ಸ್ನಾಯು. ತೊಡೆ, ಬೆನ್ನು, ತೋಳು. ಸ್ನಾಯು ಕೆಲಸ ಮಾಡುವಾಗ ಇನ್ಸುಲಿನ್ ಕಡಿಮೆ ಇದ್ದರೂ ರಕ್ತದಿಂದ ಸಕ್ಕರೆ ಎಳೆದುಕೊಳ್ಳುತ್ತದೆ. ನಡೆದರೆ ಕಣಜ ಖಾಲಿಯಾಗುತ್ತದೆ, ಭಾರದ ಕೆಲಸ ಮಾಡಿದರೆ ಕಣಜವೇ ದೊಡ್ಡದಾಗುತ್ತದೆ. ನೀವು ಬಾವಿ ತೋಡಬೇಕಾಗಿಲ್ಲ. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂತರೆ ಸಾಕು, ಶುರುವಿಗೆ. ತೋಟ ಇದ್ದವರು ಗುದ್ದಲಿ ಹಿಡಿಯಿರಿ. ಆಳುಗಳಿಗೆ ಹೇಳಿ ಮಾಡಿಸುತ್ತಾ ದಂಡೆಯ ಮೇಲೆ ನಿಂತರೆ ಸಕ್ಕರೆ ಇಳಿಯುವುದು ಆಳುಗಳದು.

ನಡಿಗೆಯ ಬಗ್ಗೆ ಇನ್ನೊಂದು. ಬೆಳಿಗ್ಗೆ ಐದಕ್ಕೆ ಎದ್ದು ಒಂದು ಗಂಟೆ ನಡೆದು, ಆಮೇಲೆ ಹನ್ನೆರಡು ಗಂಟೆ ಅಂಗಡಿಯ ಗಲ್ಲಾದಲ್ಲಿ ಕೂರುವವರು ಬಹಳ ಇದ್ದಾರೆ. ಬೆಳಗಿನ ನಡಿಗೆ ಬೇಡ ಅನ್ನುವುದಿಲ್ಲ. ಆದರೆ ಸಕ್ಕರೆ ಏರುವುದು ಊಟವಾದ ಮೇಲೆ. ಆಗ ನಡೆಯಿರಿ. ತಿಂಡಿ, ಊಟ, ರಾತ್ರಿ ಊಟ, ಮೂರರ ನಂತರವೂ ಹತ್ತು ಹದಿನೈದು ನಿಮಿಷ. ಉಂಡು ನೂರಡಿ ನಡೆಯಬೇಕು ಅಂತ ನಮ್ಮ ಹಿರಿಯರು ಹೇಳುತ್ತಿದ್ದರಲ್ಲ, ಅದನ್ನು ಸಾವಿರ ಅಡಿ ಮಾಡಿಕೊಳ್ಳಿ.

ಒಂದು ವಿಷಯದಲ್ಲಿ ಮಾತ್ರ ಸುಶ್ರುತನ ಮಾತು ಕೇಳಬೇಡಿ. ಚಪ್ಪಲಿ ಬಿಡಬೇಡಿ. ಬಹಳ ವರ್ಷದ ಮಧುಮೇಹದಲ್ಲಿ ಪಾದದ ನರ ಜೋಮು ಹಿಡಿದಿರುತ್ತದೆ, ಸುಟ್ಟರೂ ಗೊತ್ತಾಗುವುದಿಲ್ಲ. ಏಪ್ರಿಲ್ ಮಧ್ಯಾಹ್ನ ದೇವಸ್ಥಾನದ ಕಲ್ಲಿನ ಮೇಲೆ ಬರಿಗಾಲಲ್ಲಿ ಪ್ರದಕ್ಷಿಣೆ ಹಾಕಿ, ಸಂಜೆ ಪಾದದ ತುಂಬ ಬೊಬ್ಬೆ ಬಂದವರನ್ನು ನೋಡಿದ್ದೇನೆ. ದೇವರ ದರ್ಶನಕ್ಕೆ ಬೆಳಿಗ್ಗೆ ಹೋಗಿ, ದಪ್ಪ ಕಾಲುಚೀಲ ಹಾಕಿ. ರಾತ್ರಿ ಮಲಗುವ ಮೊದಲು ಪಾದದ ಅಡಿಯನ್ನು ನೋಡಿಕೊಳ್ಳಿ. ಬಗ್ಗಲು ಆಗದವರು ಕನ್ನಡಿ ಇಟ್ಟುಕೊಳ್ಳಿ.

ಮಲಗುವ ಸುಖದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮಧ್ಯಾಹ್ನ ಅನ್ನ ಸಾರು ಹೊಡೆದು ಎರಡು ಗಂಟೆ ನಿದ್ದೆ ತೆಗೆಯುವುದು ಬೇಡ. ರಾತ್ರಿ ಹನ್ನೆರಡರ ತನಕ ಮೊಬೈಲ್ ಹಿಡಿದು ನಿದ್ದೆ ಕೆಡಿಸಿಕೊಂಡರೂ ಸಕ್ಕರೆ ಏರುತ್ತದೆ.

ಈಗ ಊಟ. ಎಲ್ಲರೂ ಕಾಯುತ್ತಿರುವುದು ಇದಕ್ಕೇ.

ಸುಶ್ರುತ ಹೇಳುವ ಊಟದ ಪಟ್ಟಿ ನಮ್ಮ ಅಡುಗೆಮನೆಯದೇ ಅನ್ನುವ ಹಾಗಿದೆ. ಹಳೆಯ ಅಕ್ಕಿ, ಜವೆಗೋಧಿ, ಗೋಧಿ, ಹಾರಕ. ಜೊತೆಗೆ ಕಡಲೆ, ತೊಗರಿ, ಹುರುಳಿ, ಹೆಸರು. ಕಹಿ ಮತ್ತು ಒಗರು ಸೊಪ್ಪು ತರಕಾರಿ. ಹುರುಳಿ ಸಾರು, ಬಸ್ಸಾರು, ಹೆಸರುಬೇಳೆ ಕೋಸಂಬರಿ, ಇದರಲ್ಲಿ ಯಾವುದು ಹೊಸದು ಹೇಳಿ? ಹೊಸ ಧಾನ್ಯ ಬೇಡ ಅನ್ನುತ್ತಾನಲ್ಲ ಚರಕ, ಅದನ್ನು ಕೇಳಿ ಮಲೆನಾಡಿನ ಒಬ್ಬರು "ಹಾಗಾದರೆ ಹೊಸ್ತು ಹಬ್ಬ ಬಿಡಬೇಕಾ" ಅಂತ ಗಾಬರಿಯಾದರು. ವರ್ಷಕ್ಕೆ ಒಂದು ದಿನ ಹೊಸ ಅಕ್ಕಿ ಪಾಯಸ ಉಂಡವರಿಗೆ ಬಂದ ಕಾಯಿಲೆ ಅಲ್ಲ ಇದು. ದಿನಾ ಹಬ್ಬ ಮಾಡುವವರಿಗೆ ಬಂದದ್ದು.

ರಾಗಿ ವಿಷಯಕ್ಕೆ ಬರುತ್ತೇನೆ. ಬೈಯಬೇಡಿ. ರಾಗಿ ತಿಂದರೆ ಸಕ್ಕರೆ ಏರುವುದೇ ಇಲ್ಲ ಅಂತ ನಮ್ಮ ಬಯಲುಸೀಮೆಯಲ್ಲಿ ಗಟ್ಟಿ ನಂಬಿಕೆ. ಲೆಕ್ಕ ನೋಡಿ. ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಶರ್ಕರಪಿಷ್ಟ (ಕಾರ್ಬೋಹೈಡ್ರೇಟ್). ನೂರು ಗ್ರಾಂ ರಾಗಿಯಲ್ಲಿ ಸುಮಾರು 67. ನಾರು ರಾಗಿಯಲ್ಲಿ ಬಹಳ ಜಾಸ್ತಿ, ಸುಮಾರು 11 ಗ್ರಾಂ. ಅಕ್ಕಿಯಲ್ಲಿ ಮೂರೂ ಇಲ್ಲ. ಸುಣ್ಣದ ಅಂಶವಂತೂ ಕೇಳಲೇಬೇಡಿ, ರಾಗಿಗೆ ಸಾಟಿ ಇಲ್ಲ. ಆದ್ದರಿಂದ ರಾಗಿ ಒಳ್ಳೆಯದೇ. ಆದರೆ ನುಣ್ಣಗೆ ಬೀಸಿ, ಚೆನ್ನಾಗಿ ಬೇಯಿಸಿ, ತೆಳ್ಳಗೆ ಗಂಜಿ ಮಾಡಿ ಕುಡಿದರೆ ಅದರ ಪಿಷ್ಟ ಬೇಗ ರಕ್ತಕ್ಕೆ ಇಳಿಯುತ್ತದೆ. "ಶುಗರ್ ಇದೆ, ಅದಕ್ಕೆ ಬೆಳಿಗ್ಗೆ ಬರೀ ರಾಗಿ ಗಂಜಿ" ಅನ್ನುವವರ ಮೀಟರ್ ನೋಡಿ ನಾನೇ ಬೆಚ್ಚಿದ್ದೇನೆ. ಒಂದು ಸಣ್ಣ ಮುದ್ದೆ, ಬಟ್ಟಲು ತುಂಬ ಸೊಪ್ಪು ಕಾಳಿನ ಸಾರು, ಇದು ಸರಿ. ಎರಡು ದೊಡ್ಡ ಮುದ್ದೆ, ಮೇಲೆ ಅನ್ನ, ಇದು ಗದ್ದೆಯಲ್ಲಿ ದಿನವಿಡೀ ದುಡಿದವರ ಊಟ. ಅಜ್ಜನ ಊಟ ಇಟ್ಟುಕೊಂಡಿದ್ದೇವೆ, ಅಜ್ಜನ ಕೆಲಸ ಬಿಟ್ಟಿದ್ದೇವೆ. ನವಣೆ, ಸಾಮೆ, ಊದಲು, ಕೊರಲೆಗೂ ಇದೇ ಮಾತು. ಸಿರಿಧಾನ್ಯದ ಬಿಸ್ಕತ್ತಿನ ಬಗ್ಗೆ ನನ್ನನ್ನು ಕೇಳಲೇಬೇಡಿ.

ಮದುವೆ ಊಟದ ಬಾಳೆ ಎಲೆ ನೆನಪಿಸಿಕೊಳ್ಳಿ. ಮೊದಲು ಬರುವುದು ಕೋಸಂಬರಿ, ಪಲ್ಯ. ಅನ್ನ ಆಮೇಲೆ. ನಾವು ಏನು ಮಾಡುತ್ತೇವೆ? ಕೋಸಂಬರಿಯನ್ನು ಮೂಲೆಗೆ ತಳ್ಳಿ ಅನ್ನಕ್ಕೆ ಕಾಯುತ್ತೇವೆ. ತರಕಾರಿ, ಕಾಳು ಮೊದಲು ತಿಂದು ಅನ್ನ ಆಮೇಲೆ ತಿಂದರೆ ಊಟದ ನಂತರದ ಸಕ್ಕರೆ ಕಡಿಮೆ ಏರುತ್ತದೆ ಅಂತ ಈಗಿನ ಅಧ್ಯಯನಗಳೂ ಹೇಳುತ್ತವೆ. ಬಡಿಸುವವರನ್ನು ಕರೆದು ಕೋಸಂಬರಿ ಎರಡನೇ ಸಲ ಹಾಕಿಸಿಕೊಳ್ಳಿ. ಮನೆಯಲ್ಲೂ ಅಷ್ಟೆ. ತಟ್ಟೆಯ ಅರ್ಧ ಪಲ್ಯ ಸೊಪ್ಪು, ಕಾಲು ಭಾಗ ಕಾಳು ಬೇಳೆ, ಉಳಿದ ಕಾಲು ಅನ್ನವೋ ಮುದ್ದೆಯೋ ರೊಟ್ಟಿಯೋ. ಮೊಸರಿನ ಬದಲು ನೀರು ಮಜ್ಜಿಗೆ.

ಬೆಲ್ಲ. "ಸಕ್ಕರೆ ಬಿಟ್ಟಿದ್ದೇನೆ ಡಾಕ್ಟ್ರೇ, ಈಗ ಬರೀ ಬೆಲ್ಲ." ಈ ಮಾತು ವಾರಕ್ಕೆ ಮೂರು ಸಲ ಕೇಳುತ್ತೇನೆ. ಬೆಲ್ಲದಲ್ಲೂ ಹೆಚ್ಚು ಭಾಗ ಅದೇ ಸಕ್ಕರೆ. ಮಂಡ್ಯದ ಸಾವಯವ ಬೆಲ್ಲ ಆದರೂ ಅದೇ. ಚರಕ ಬೇಡ ಅಂದ ಪಟ್ಟಿಯಲ್ಲಿ ಬೆಲ್ಲ ಹೆಸರು ಹಿಡಿದು ಬಂದಿದೆ, ಆಯುರ್ವೇದದ ಹೆಸರಲ್ಲಿ ಅದನ್ನು ತಿನ್ನುವುದು ಹೇಗೆ? ಹಣ್ಣು ತಿನ್ನಿ, ರಸ ಕುಡಿಯಬೇಡಿ. ಸೀಬೆ, ನೇರಳೆ, ಪಪಾಯ ಸ್ವಲ್ಪ. ಮಾವಿನ ಕಾಲದಲ್ಲಿ ಎರಡು ಹೋಳು ತಿಂದು ಆ ದಿನ ಅನ್ನ ಕಡಿಮೆ ಮಾಡಿ. ಪೂರ್ತಿ ಬಿಡಿ ಅಂದರೆ ಕದ್ದು ತಿನ್ನುತ್ತೀರಿ, ಗೊತ್ತು ನನಗೆ.

ಕೈಚೀಲದ ವಿಷಯ ಬಾಕಿ ಇದೆ. ಒಂದೊಂದಾಗಿ ತೆಗೆಯೋಣ.

ನೆಲ್ಲಿಕಾಯಿ ಮತ್ತು ಅರಿಶಿನ. ಮೇಹಕ್ಕೆ ಶ್ರೇಷ್ಠ ಮದ್ದು ಯಾವುದು ಅಂದರೆ ಇನ್ನೊಬ್ಬ ಹಳೆಯ ಗ್ರಂಥಕಾರ ವಾಗ್ಭಟ ಹೇಳುವುದು ಈ ಜೋಡಿಯನ್ನೇ. ಎರಡರ ಪುಡಿ ಸಮ ಸೇರಿಸಿ ಅರ್ಧ ಚಮಚ ನೀರಿನಲ್ಲಿ ಕುಡಿಯಬಹುದು. ಇದು ನನ್ನ ಮೊದಲ ಆಯ್ಕೆ. ಪಿತ್ತಕೋಶದಲ್ಲಿ ಕಲ್ಲು ಇದ್ದವರು, ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರು ಕೇಳಿಯೇ ತಗೊಳ್ಳಬೇಕು. ಮೆಂತ್ಯ ಒಂದೆರಡು ಚಮಚ ರಾತ್ರಿ ನೆನೆಸಿ, ಬೆಳಿಗ್ಗೆ ಕಾಳು ಸಮೇತ ಅಗಿದು ತಿನ್ನಿ. ಅದರ ಲೋಳೆ ಇದೆಯಲ್ಲ, ಅದೇ ಕೆಲಸ ಮಾಡುವುದು. ಊಟದ ಪಿಷ್ಟ ನಿಧಾನವಾಗಿ ಕರಗುವ ಹಾಗೆ ಮಾಡುತ್ತದೆ. ಬರೀ ನೀರು ಬಸಿದು ಕುಡಿದು ಕಾಳು ಎಸೆಯುವವರು ಲಾಭವನ್ನೇ ಎಸೆಯುತ್ತಾರೆ. ಮಾತ್ರೆಗೂ ಇದಕ್ಕೂ ಒಂದೆರಡು ಗಂಟೆ ಅಂತರ ಇರಲಿ.

ಹಾಗಲಕಾಯಿ ಪಲ್ಯ ಗೊಜ್ಜು ಧಾರಾಳವಾಗಿ ಮಾಡಿ, ಬೆಲ್ಲ ಸುರಿಯದೆ. ಖಾಲಿ ಹೊಟ್ಟೆಗೆ ಲೋಟಗಟ್ಟಲೆ ರಸ ಬೇಡ. ಬಸುರಿಯರಿಗಂತೂ ಬೇಡವೇ ಬೇಡ. ಹೊನ್ನೆ ಮರದ ಲೋಟದಲ್ಲಿ ರಾತ್ರಿ ನೀರು ಇಟ್ಟರೆ ಬೆಳಿಗ್ಗೆ ಕಂದು ಬಣ್ಣ, ಬಿಸಿಲಿಗೆ ಹಿಡಿದರೆ ನೀಲಿ ಮಿಂಚು. ನೋಡಲು ಚೆಂದ. ಗ್ರಂಥದಲ್ಲಿ ಹೊನ್ನೆ ಇದೆ, ನಿಜ. ಆದರೆ ಸಾರವನ್ನು ಕುದಿಸಿ ಕಷಾಯ ಮಾಡುವುದು ಬೇರೆ, ತಿಂಗಳಾನುಗಟ್ಟಲೆ ಬಳಸಿ ಬಣ್ಣವೇ ಬಿಡದ ಲೋಟದಲ್ಲಿ ನೀರು ಕುಡಿಯುವುದು ಬೇರೆ.

ಇನ್ಸುಲಿನ್ ಗಿಡ ಈಗ ಮನೆ ಮನೆಯ ಕುಂಡದಲ್ಲೂ ಇದೆ. ಅದು ಬ್ರೆಜಿಲ್ ಕಡೆಯ ಗಿಡ. ಚರಕ ಸುಶ್ರುತರು ಅದನ್ನು ಕಂಡೇ ಇಲ್ಲ. ಅದರ ಎಲೆಯಲ್ಲಿ ಇನ್ಸುಲಿನ್ನೂ ಇಲ್ಲ. ಹೆಸರು ಇಟ್ಟವರು ಜಾಣರು. ಅಮೃತಬಳ್ಳಿ ಒಳ್ಳೆಯ ಮದ್ದು, ಆದರೆ ಅದನ್ನೇ ಹೋಲುವ ಬೇರೆ ಬಳ್ಳಿ ಇದೆ. ವರ್ಷಗಟ್ಟಲೆ ಸುಮ್ನೆ ಕುಡಿಯುತ್ತಾ ಹೋಗಿ ಪಿತ್ತಜನಕಾಂಗಕ್ಕೆ ತೊಂದರೆ ಆದ ವರದಿಗಳೂ ಇವೆ.

ಉಳಿದದ್ದು ಆ ಹೆಸರಿಲ್ಲದ ಕಪ್ಪು ಮಾತ್ರೆ. ಅದನ್ನು ಕಸದ ಬುಟ್ಟಿಗೆ ಹಾಕಿ. 2004ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕಾಗಿ ಅಮೆರಿಕದ ಬಾಸ್ಟನ್ನಿನಲ್ಲಿ ಅಂಗಡಿಗಳಿಂದ 70 ಆಯುರ್ವೇದ ಉತ್ಪನ್ನಗಳನ್ನು ಕೊಂಡು ಪರೀಕ್ಷೆ ಮಾಡಿದರೆ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು. ನಮ್ಮವರಿಗೆ ಅದನ್ನು ಹೇಳಿದರೆ ಕೋಪ ಬರುತ್ತದೆ. ನನಗೆ ಕೋಪ ಬರುವುದು ಸೀಸ ಹಾಕಿದವರ ಮೇಲೆ. ಇನ್ನು ಕೆಲವರು "ಅಪ್ಪಟ ಗಿಡಮೂಲಿಕೆ" ಅಂತ ಹೇಳಿ ಅದರಲ್ಲಿ ಇಂಗ್ಲಿಷ್ ಮಾತ್ರೆಯನ್ನೇ ಪುಡಿ ಮಾಡಿ ಬೆರೆಸುತ್ತಾರೆ. ಎರಡೇ ದಿನದಲ್ಲಿ ಸಕ್ಕರೆ ಸರ್ರನೆ ಇಳಿದರೆ ಖುಷಿಪಡಬೇಡಿ, ಅನುಮಾನಪಡಿ. ಮಧುಮೇಹ ಗುಣ ಮಾಡುತ್ತೇವೆ ಅಂತ ಜಾಹೀರಾತು ಕೊಡುವುದೇ 1954ರ ಕಾಯ್ದೆಯ ಪ್ರಕಾರ ಅಪರಾಧ. ಗೋಡೆ ಮೇಲೆ ಹಾಗೆ ಬರೆದಿದ್ದರೆ ಆ ಗೋಡೆಯಿಂದ ದೂರ ನಡೆಯಿರಿ, ನಡಿಗೆಯೂ ಆಗುತ್ತದೆ.

ಇಂಗ್ಲಿಷ್ ಮಾತ್ರೆ ಅಂದೆ. ನೀವು ಹೆದರುವ ಆ ಮೆಟ್‌ಫಾರ್ಮಿನ್ ಎಂಬ ಶುಗರ್ ಮಾತ್ರೆ ಇದೆಯಲ್ಲ, ಅದರ ಮೂಲವೂ ಒಂದು ಗಿಡವೇ. ಯುರೋಪಿನಲ್ಲಿ ಬೆಳೆಯುವ ಗೆಲೀಗಾ ಎಂಬ ಗಿಡದಲ್ಲಿದ್ದ ಅಂಶದ ಜಾಡು ಹಿಡಿದು ಹೋದವರಿಗೆ ಈ ಮದ್ದು ಸಿಕ್ಕಿತು, 1957ರ ಹೊತ್ತಿಗೆ ಫ್ರಾನ್ಸಿನಲ್ಲಿ ರೋಗಿಗಳಿಗೆ ಕೊಟ್ಟರು.

ಹಿಂದಿನಿಂದ ಒಬ್ಬರು ಚೀಟಿ ಕಳಿಸಿದ್ದಾರೆ: "ಇದನ್ನೆಲ್ಲ ಮಾಡಿದರೆ ಮಾತ್ರೆ ಬಿಡಬಹುದಾ?" ಕೆಲವರು ಬಿಟ್ಟಿದ್ದಾರೆ. 2017ರಲ್ಲಿ ಬ್ರಿಟನ್ನಿನ ಒಂದು ಅಧ್ಯಯನ ಬಂತು. ಕಾಯಿಲೆ ಬಂದು ಆರು ವರ್ಷ ದಾಟದ, ತೂಕ ಜಾಸ್ತಿ ಇದ್ದವರಿಗೆ ಕೆಲವು ತಿಂಗಳು ಬಹಳ ಕಡಿಮೆ ಆಹಾರ ಕೊಟ್ಟು ತೂಕ ಇಳಿಸಿದರು. ಒಂದು ವರ್ಷದ ನಂತರ ಸುಮಾರು ಅರ್ಧ ಜನರಿಗೆ, 46 ಶೇಕಡಾ, ಮಾತ್ರೆ ಇಲ್ಲದೆಯೇ ಸಕ್ಕರೆ ಹತೋಟಿಯಲ್ಲಿತ್ತು. 15 ಕಿಲೋ ಮತ್ತು ಅದಕ್ಕಿಂತ ಜಾಸ್ತಿ ಇಳಿಸಿದವರಲ್ಲಿ 86 ಶೇಕಡಾ. ಅಲ್ಲಿ ಯಾವ ಎಲೆಯೂ ಇರಲಿಲ್ಲ. ಚರಕ ಹೇಳಿದ ದಪ್ಪ ರೋಗಿ, ಅವನನ್ನು ಇಳಿಸಿದರು, ಅಷ್ಟೇ. ಆದರೆ ಬಡಕಲು ಇರುವವರು, ಇಪ್ಪತ್ತು ವರ್ಷದಿಂದ ಕಾಯಿಲೆ ಇರುವವರು ಈ ಲೆಕ್ಕಕ್ಕೆ ಬರುವುದಿಲ್ಲ. ಅವರು ಉಪವಾಸ ಮಾಡಿ ಕುಸಿದು ಬೀಳಬೇಡಿ.

ಮಾತ್ರೆ ಕಡಿಮೆ ಮಾಡುವುದು ನಿಮ್ಮ ಮನಸ್ಸಲ್ಲ, ಮೀಟರ್ ಮತ್ತು ವೈದ್ಯರು ಸೇರಿ ಹೇಳಬೇಕು. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ. 6.5 ಶೇಕಡಾ ಮತ್ತು ಮೇಲೆ ಇದ್ದರೆ ಮಧುಮೇಹ, 5.7ರಿಂದ 6.4 ಹೊಸಿಲು. ವರ್ಷಕ್ಕೊಮ್ಮೆ ಕಣ್ಣು, ಮೂತ್ರದ ಪ್ರೋಟೀನ್ ನೋಡಿಸಿ. ಗಿಡಮೂಲಿಕೆ ತಗೊಳ್ಳುತ್ತಿದ್ದರೆ ನಿಮ್ಮ ಶುಗರ್ ಡಾಕ್ಟರಿಗೆ ಮುಚ್ಚಿಡಬೇಡಿ. ಬೈಯಬಹುದು, ಬೈಯಲಿ.

ಮುಚ್ಚಿಡಬೇಡಿ ಅನ್ನುವುದು ಯಾಕೆಂದರೆ, ಸಕ್ಕರೆ ಇಳಿಸುವ ಮಾತ್ರೆ ಅಥವಾ ಇನ್ಸುಲಿನ್ ಜೊತೆ ಮಧುನಾಶಿನಿ, ಹಾಗಲ, ಮೆಂತ್ಯ ಎಲ್ಲ ಸೇರಿದರೆ ಸಕ್ಕರೆ ತೀರಾ ಕೆಳಗೆ ಹೋಗಬಹುದು. ಕೈ ನಡುಕ, ಬೆವರು, ಎದೆ ಡವಡವ, ಮಾತು ತೊದಲು. ಮೀಟರಿನಲ್ಲಿ 70ಕ್ಕಿಂತ ಕಡಿಮೆ ಅಂದರೆ ಅಪಾಯ. ಆಗ ಕಷಾಯ ಹುಡುಕಬೇಡಿ. ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಯಿರಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ಮಾತ್ರ ಏನೂ ಹಾಕಬೇಡಿ, ಆಸ್ಪತ್ರೆಗೆ ಓಡಿ. ಮುಂದಿನ ಸಾಲಿನವರೇ, ಎಲೆ ಅಗಿದಿದ್ದೀರಿ. ಅಂಥ ಹೊತ್ತಿನಲ್ಲಿ ಸಕ್ಕರೆ ಮರಳಿನ ಹಾಗೆ ಅನ್ನಿಸಿದರೂ ಸರಿ, ನುಂಗಿಬಿಡಿ.